ಜರ್ಮನಿಯ ರಫ್ತಿನಲ್ಲಿ ಬಡ, ಮಧ್ಯಮ ಆದಾಯದ ದೇಶಗಳ ಪಾಲು ಯಾಕೆ ಹೀಗೆ ಏರಿಳಿಯುತ್ತದೆ?

ಧಾರವಾಡ_ಎಂಎ
ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಎಂಎ ವಿದ್ಯಾರ್ಥಿನಿ. ಒಂದು ಪ್ರಬಂಧ ಬರೆಯಬೇಕಿದೆ. ಜರ್ಮನಿ ಹೊರಗೆ ಕಳಿಸುವ ಸರಕಿನಲ್ಲಿ ಎಷ್ಟು ಪಾಲು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋಗುತ್ತದೆ ಅನ್ನುವುದು ವಿಷಯ. ವಿಶ್ವಬ್ಯಾಂಕ್ ಈ ಶೇಕಡಾವಾರು ಅಂಕಿಯನ್ನು ಕೊಡುತ್ತದೆ. ಹಳೆಯ ಪುಸ್ತಕಗಳನ್ನೂ ಸೇರಿಸಿ ನೋಡಿದರೆ ಗೆರೆ 70ರ ದಶಕದಲ್ಲಿ ಮೇಲೆ ಹೋಗುತ್ತದೆ. 80ರಲ್ಲಿ ಜಾರುತ್ತದೆ. 2000ದ ನಂತರ ಜೋರಾಗಿ ಏರುತ್ತದೆ. ಈಚೆಗೆ ಏರಿಕೆ ನಿಂತಿದೆ.

ನಮ್ಮ ಕ್ಲಾಸಿನಲ್ಲಿ ಎಲ್ಲರೂ "ಕಾರು ಮಾರಿದರು, ಚೀನಾದವರು ಕೊಂಡರು, ಅಷ್ಟೇ" ಅನ್ನುತ್ತಾರೆ. ನನಗೆ ಅಷ್ಟು ಸುಲಭ ಅನ್ನಿಸುತ್ತಿಲ್ಲ. 70ರ ದಶಕದಲ್ಲಿ ಚೀನಾ ದೊಡ್ಡ ಗಿರಾಕಿ ಆಗಿರಲಿಲ್ಲ ಅಲ್ವಾ? ಹಾಗಾದರೆ ಆಗ ಕೊಂಡವರು ಯಾರು? 80ರಲ್ಲಿ ಯಾಕೆ ಬಿಟ್ಟರು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಮ್ನೆ_ಓದುಗ
ಕಾರೇ. ಬೆಂಗಳೂರಿನ ರಸ್ತೆ ನೋಡಿದರೆ ಗೊತ್ತಾಗುತ್ತದೆ.

ಪೀಣ್ಯ_ಲೇತ್
ಬೆಂಗಳೂರಿನ ರಸ್ತೆಯಲ್ಲಿ ಓಡುವ ಜರ್ಮನ್ ಬ್ರಾಂಡ್ ಕಾರುಗಳಲ್ಲಿ ಬಹುಪಾಲು ಪುಣೆ, ಚೆನ್ನೈ, ಔರಂಗಾಬಾದ್ ಕಾರ್ಖಾನೆಗಳಲ್ಲಿ ಜೋಡಿಸಿದವು. ಅವು ಇಡೀ ಕಾರು ಅಂತ ಜರ್ಮನಿಯ ರಫ್ತು ಲೆಕ್ಕಕ್ಕೆ ಬರುವುದೇ ಇಲ್ಲ. ಬಿಡಿಭಾಗ ಅಂತ ಬರುತ್ತವೆ.

ತಂಗಿ, ನೀವು ಶೋರೂಂ ಬಿಟ್ಟು ಒಮ್ಮೆ ಪೀಣ್ಯಕ್ಕೆ ಬನ್ನಿ. ಕಾರಿನ ನಂತರ ಜರ್ಮನಿ ಅತಿ ಜಾಸ್ತಿ ಮಾರುವುದು ಯಂತ್ರಗಳನ್ನು. ಗ್ರೈಂಡಿಂಗ್ ಮೆಷಿನ್, ಪ್ರೆಸ್, ಲೇಸರ್ ಕಟಿಂಗ್, ಪ್ಯಾಕಿಂಗ್ ಲೈನ್, ಪ್ರಿಂಟಿಂಗ್ ಮೆಷಿನ್. ಬಡ ದೇಶದ ಜನ ಬಿಎಂಡಬ್ಲ್ಯೂ ಕೊಳ್ಳಲು ಆಗದೇ ಇರಬಹುದು. ಆದರೆ ಆ ದೇಶದಲ್ಲಿ ಯಾರೋ ಒಬ್ಬ ಕಾರ್ಖಾನೆ ಹಾಕಬೇಕು ಅಂದರೆ ಯಂತ್ರ ಬೇಕೇ ಬೇಕು. ಕಾರ್ಖಾನೆ ಏಳುವ ಕಾಲಕ್ಕೆ ಜರ್ಮನಿಯ ರಫ್ತು ಏರುತ್ತದೆ. ಕಟ್ಟುವುದು ನಿಂತರೆ ಅದೂ ಇಳಿಯುತ್ತದೆ. ಮೂವತ್ತು ವರ್ಷದ ವರ್ಕ್‌ಶಾಪ್ ಜೀವನದಲ್ಲಿ ನಾನು ಕಂಡಿದ್ದು ಇದು.

ಸುಮ್ನೆ_ಓದುಗ
@ಪೀಣ್ಯ_ಲೇತ್ ಅಣ್ಣಾ, ನೀವೇ ಹೇಳಿದಿರಲ್ಲ, ಕಾರಿನ ನಂತರ ಯಂತ್ರ ಅಂತ. ಅಂದರೆ ಮೊದಲನೇ ಸ್ಥಾನ ಕಾರಿಗೇ.

ಪೀಣ್ಯ_ಲೇತ್
ಒಟ್ಟು ರಫ್ತಿನಲ್ಲಿ ಹೌದು. ಆದರೆ ಇಲ್ಲಿ ಕೇಳುತ್ತಿರುವುದು ಒಟ್ಟು ರಫ್ತನ್ನಲ್ಲ. ಬಾಂಗ್ಲಾದೇಶ, ವಿಯೆಟ್ನಾಂ, ಭಾರತದಂಥ ದೇಶಗಳನ್ನು ಬೇರೆ ತೆಗೆದು ನೋಡಿ. ಕಾರು ಹಿಂದೆ ಬೀಳುತ್ತದೆ. ಯಂತ್ರ, ಕೆಮಿಕಲ್, ವಿದ್ಯುತ್ ಉಪಕರಣ ಮುಂದೆ ಬರುತ್ತವೆ.

ಲೆಕ್ಕದ_ಮೇಷ್ಟ್ರು
ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಈ ಪ್ರಶ್ನೆ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು 50ರ ದಶಕ. ಯುದ್ಧ ಮುಗಿದು ಪಶ್ಚಿಮ ಜರ್ಮನಿ ಮತ್ತೆ ಎದ್ದು ನಿಲ್ಲುತ್ತಿದೆ. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಉಕ್ಕು, ವಿದ್ಯುತ್, ರಸಗೊಬ್ಬರ ಬೇಕು. ನಮ್ಮ ರೂರ್ಕೆಲಾ ಉಕ್ಕಿನ ಕಾರ್ಖಾನೆ ಜರ್ಮನಿಯ ಕ್ರುಪ್ ಮತ್ತು ಡೆಮಾಗ್ ಕಂಪನಿಗಳ ನೇತೃತ್ವದಲ್ಲಿ ಎದ್ದದ್ದು. 1959ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ, 1957-58ರಲ್ಲಿ ಭಾರತದ ವಿದೇಶಿ ವಿನಿಮಯ ಖಾಲಿಯಾಗಿತ್ತು. ಜರ್ಮನಿಯವರು ರೂರ್ಕೆಲಾದ ಹಣ ಪಾವತಿಗೆ ಸಮಯ ಕೊಟ್ಟರು. ಇದನ್ನು ಗಮನಿಸಿ. ಬಡ ದೇಶಕ್ಕೆ ದೊಡ್ಡ ಯಂತ್ರ ಮಾರಬೇಕಾದರೆ ಸಾಲವನ್ನೂ ಜೊತೆಗೇ ಕೊಡಬೇಕು. ಹರ್ಮೆಸ್ ಗ್ಯಾರಂಟಿ ಅಂತ ಒಂದು ವ್ಯವಸ್ಥೆ 1949ರಿಂದಲೇ ಇದೆ. ಕೊಂಡವನು ಹಣ ಕೊಡದಿದ್ದರೆ ಮಾರಿದ ಕಂಪನಿಯ ನಷ್ಟದ ಬಹುಪಾಲನ್ನು ಸರ್ಕಾರ ಹೊರುತ್ತದೆ. ಅದರಲ್ಲಿ ಹೆಚ್ಚಿನದು ಇಂಥ ದೇಶಗಳ ವ್ಯಾಪಾರಕ್ಕೇ.

ಈಗ 70ರ ದಶಕ. 1973-74ರಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ತೈಲ ಮಾರಿದ ದೇಶಗಳ ಕೈಯಲ್ಲಿ ಹಣ ತುಂಬಿತು. ಇರಾನ್, ಇರಾಕ್, ಅಲ್ಜೀರಿಯಾ, ನೈಜೀರಿಯಾ ಎಲ್ಲವೂ ಕಾರ್ಖಾನೆ, ಬಂದರು, ವಿದ್ಯುತ್ ಸ್ಥಾವರ ಕಟ್ಟಲು ಹೊರಟವು. 1974ರಲ್ಲಿ ಇರಾನ್ ಕ್ರುಪ್‌ನ ಉಕ್ಕಿನ ವಿಭಾಗದಲ್ಲಿ ಕಾಲು ಭಾಗ ಷೇರನ್ನೇ ಕೊಂಡಿತು. ಬುಶೆಹರ್ ಅಣು ವಿದ್ಯುತ್ ಸ್ಥಾವರವನ್ನು 1975ರಲ್ಲಿ ಕಟ್ಟಲು ಹಿಡಿದದ್ದು ಜರ್ಮನಿಯ ಕ್ರಾಫ್ಟ್‌ವೆರ್ಕ್ ಯೂನಿಯನ್. ಅದೇ ವರ್ಷ ಬ್ರೆಜಿಲ್ ಜೊತೆಗೂ ಅಣು ಒಪ್ಪಂದ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಮಗಳೇ. ಆಗ ಕೊಂಡವರಲ್ಲಿ ಒಂದು ಗುಂಪಿನ ಕೈಯಲ್ಲಿ ತೈಲದ ಹಣ ಇತ್ತು. ಇನ್ನೊಂದು ಗುಂಪು ಬ್ಯಾಂಕುಗಳಿಂದ ಸಾಲ ತಂದು ಕೊಳ್ಳುತ್ತಿತ್ತು. ಬ್ರೆಜಿಲ್, ಮೆಕ್ಸಿಕೊ, ಅರ್ಜೆಂಟೀನಾ ಈ ಎರಡನೇ ಗುಂಪು.

80ರಲ್ಲಿ ಎರಡೂ ಗುಂಪು ಕುಸಿದವು. 1979ರಲ್ಲಿ ಇರಾನ್ ಕ್ರಾಂತಿ ಆಯಿತು, ಬುಶೆಹರ್ ಕೆಲಸ ಅರ್ಧಕ್ಕೇ ನಿಂತಿತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ತನ್ನಿಂದ ಸಾಲ ಕಟ್ಟಲು ಆಗುವುದಿಲ್ಲ ಅಂದಿತು. ಬ್ಯಾಂಕುಗಳು ಲ್ಯಾಟಿನ್ ಅಮೆರಿಕಕ್ಕೆಲ್ಲ ಸಾಲ ನಿಲ್ಲಿಸಿದವು. 1986ರಲ್ಲಿ ತೈಲ ಬೆಲೆಯೂ ಬಿತ್ತು. ಸಾಲ ತೀರಿಸಲು ಡಾಲರ್ ಬೇಕು, ಹಾಗಾಗಿ ಆ ದೇಶಗಳು ಆಮದು ಕಡಿಮೆ ಮಾಡಿದವು. ಜರ್ಮನಿಯ ಯಂತ್ರ ಕೊಳ್ಳುವವರು ಇಲ್ಲದೇ ಹೋದರು. ಅದೇ ಹೊತ್ತಿಗೆ ಅಮೆರಿಕ ಮತ್ತು ಪಶ್ಚಿಮ ಯುರೋಪಿಗೆ ಮಾರಾಟ ಚೆನ್ನಾಗಿತ್ತು. ಅದಕ್ಕೇ ಶೇಕಡಾವಾರು ಪಾಲು ಎರಡು ಕಡೆಯಿಂದ ಇಳಿಯಿತು.

ಧಾರವಾಡ_ಎಂಎ
ಮೇಷ್ಟ್ರೇ, ಬಹಳ ಧನ್ಯವಾದ. ಎರಡು ಕಡೆಯಿಂದ ಇಳಿಯಿತು ಅನ್ನುವುದನ್ನು ನಾನು ಯೋಚಿಸಿರಲೇ ಇಲ್ಲ. ಶೇಕಡಾ ಲೆಕ್ಕದಲ್ಲಿ ಛೇದವೂ ಬದಲಾಗುತ್ತದೆ.

ಹಳೇ_ಫಿಲಂ
ಎಲ್ಲರೂ ಪಶ್ಚಿಮ ಜರ್ಮನಿಯನ್ನೇ ಹೇಳುತ್ತಿದ್ದೀರಿ. ಪೂರ್ವ ಜರ್ಮನಿಯೂ ಒಂದು ದೇಶವಾಗಿತ್ತು! ಭಾರತಕ್ಕೆ ಅದು ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿತ್ತು. ಡಾಲರ್ ಬೇಡ, ಮಾರ್ಕ್ ಬೇಡ. ನಾವು ಚಹಾ, ಚರ್ಮ, ಬಟ್ಟೆ ಕಳಿಸುವುದು, ಅವರು ಯಂತ್ರ, ಫಿಲಂ, ಕೆಮಿಕಲ್ ಕಳಿಸುವುದು. ವೋಲ್ಫೆನ್ ಊರಿನ ಆರ್ವೋ ಫಿಲಂ ನೆನಪಿದೆಯಾ? ಸ್ಟುಡಿಯೋಗಳಲ್ಲಿ ಕಪ್ಪು ಬಿಳುಪು ಫೋಟೊಕ್ಕೆ ಆರ್ವೋ ರೋಲ್ ಬಳಸುತ್ತಿದ್ದರು. 70ರ ದಶಕದ ಭಾರತೀಯ ಸಿನಿಮಾಗಳ ಟೈಟಲ್‌ನಲ್ಲಿ ಆರ್ವೋ ಕಲರ್ ಅಂತ ಬರುತ್ತಿತ್ತು. ನಮ್ಮಪ್ಪನ ಸ್ಟುಡಿಯೋದಲ್ಲಿ ತೆಗೆದ ಮದುವೆ ಫೋಟೊಗಳು ಇವತ್ತಿಗೂ ಮಾಸಿಲ್ಲ.

ಸುಮ್ನೆ_ಓದುಗ
ಆರ್ವೋ ಕಲರ್ ಸಿನಿಮಾಗಳ ಪ್ರಿಂಟ್ ಈಗ ನೋಡಿದರೆ ಬಣ್ಣ ಕೆಂಪಾಗಿರುತ್ತದೆ. ಕಪ್ಪು ಬಿಳುಪೇ ಒಳ್ಳೆಯದು.

ಹಳೇ_ಫಿಲಂ
ಆ ಕಾಲದ ಬೇರೆ ಕಲರ್ ಫಿಲಂಗಳ ಪ್ರಿಂಟೂ ಹಾಗೆ ಆಗಿವೆ ಸ್ವಾಮಿ. ಇಟ್ಟ ಜಾಗ, ಬಿಸಿಲು, ತೇವ ಎಲ್ಲ ಸೇರಿ ಹಾಳಾಗುತ್ತವೆ. ಆರ್ವೋ ಒಂದನ್ನೇ ಬೈಯಬೇಡಿ.

ಲೆಕ್ಕದ_ಮೇಷ್ಟ್ರು
@ಹಳೇ_ಫಿಲಂ ಒಳ್ಳೆಯ ಮಾತು ಎತ್ತಿದಿರಿ. ಪ್ರಬಂಧಕ್ಕೂ ಇದು ಬೇಕು. 1990ರ ಜುಲೈ 1ರಂದು ಪೂರ್ವ ಜರ್ಮನಿಗೆ ಪಶ್ಚಿಮದ ಮಾರ್ಕ್ ಬಂತು. ಸಂಬಳ ಒಂದಕ್ಕೆ ಒಂದರಂತೆ ಬದಲಾಯಿತು. ಒಂದೇ ದಿನದಲ್ಲಿ ಅಲ್ಲಿನ ಸರಕು ವಿಪರೀತ ದುಬಾರಿ. ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಾರ ದೇಶಗಳಿಗೆ ಗಟ್ಟಿ ಕರೆನ್ಸಿ ಕೊಟ್ಟು ಕೊಳ್ಳುವ ಶಕ್ತಿ ಇರಲಿಲ್ಲ. ಮಾರುಕಟ್ಟೆ ಮುರಿದುಬಿತ್ತು, ಕಾರ್ಖಾನೆಗಳು ಮುಚ್ಚಿದವು. ಹಾಗಾಗಿ 1990ರ ಮುಂಚಿನ ಅಂಕಿ ಪಶ್ಚಿಮ ಜರ್ಮನಿಯದ್ದೋ ಎರಡೂ ಸೇರಿದ್ದೋ ಅಂತ ಮೊದಲು ನೋಡಿಕೊಳ್ಳಿ. ಅದನ್ನು ನೋಡದೆ ಗೆರೆ ಎಳೆದರೆ ತಪ್ಪು ಕಥೆ ಹೇಳುತ್ತದೆ.

ಗದಗಿನ_ಮುದ್ರಕ
ಪೂರ್ವ ಜರ್ಮನಿಯ ಪ್ಲಾನೆಟಾ ಪ್ರಿಂಟಿಂಗ್ ಮೆಷಿನ್ ಹೆಸರು ನಮ್ಮ ಕಸುಬಿನಲ್ಲಿ ಹಿರಿಯರು ಈಗಲೂ ಹೇಳುತ್ತಾರೆ. ಆದರೆ ನಮ್ಮ ಪ್ರೆಸ್‌ನಲ್ಲಿ ಇರುವುದು ಹೈಡೆಲ್‌ಬರ್ಗ್. ಹಳೆಯ ಪ್ಲಾಟನ್, ಎರಡು ಕೈ ಗಿರ್ರನೆ ತಿರುಗಿ ಕಾಗದ ಎತ್ತಿ ಕೊಡುತ್ತದಲ್ಲ, ಅದು. 1914ರಲ್ಲಿ ಅದರ ಮೊದಲ ಮಾದರಿ ಬಂತು. 1985ರವರೆಗೂ ಮಾಡಿದರು. ಈಗ ಅದರಲ್ಲಿ ಪುಸ್ತಕ ಯಾರೂ ಮುದ್ರಿಸುವುದಿಲ್ಲ. ಮದುವೆ ಕಾರ್ಡ್ ಕ್ರೀಸಿಂಗ್, ನಂಬರಿಂಗ್, ಡೈ ಕಟಿಂಗ್‌ಗೆ ಅದರಷ್ಟು ಒಳ್ಳೆಯ ಮೆಷಿನ್ ಇನ್ನೊಂದಿಲ್ಲ.

ನನ್ನ ಪ್ರಶ್ನೆ: ಇದು ಸೆಕೆಂಡ್ ಹ್ಯಾಂಡ್ ಬಂದದ್ದು. ಯುರೋಪಿನಲ್ಲಿ ಪ್ರೆಸ್ ಮುಚ್ಚಿದರೆ ಮೆಷಿನ್ ಇಲ್ಲಿಗೆ ಬರುತ್ತದೆ. ಇಂಥವೂ ರಫ್ತು ಲೆಕ್ಕಕ್ಕೆ ಸೇರುತ್ತವೆಯೇ?

ಬಂದರು_ಕೆಲಸ
ಸೇರುತ್ತವೆ ಸರ್. ಗಡಿ ದಾಟಿ ಮಾರಾಟ ಆದರೆ ಅದು ರಫ್ತೇ, ಹೊಸದಿರಲಿ ಹಳೆಯದಿರಲಿ. ನಾನು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಮೆಷಿನ್ ತರಿಸಿದರೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕು. ಎಷ್ಟು ಹಳೆಯದು, ಇನ್ನೆಷ್ಟು ವರ್ಷ ಬಾಳುತ್ತದೆ, ಬೆಲೆ ಸರಿಯಾಗಿದೆಯೇ ಅಂತ ಬರೆಸಬೇಕು.

ಪ್ರಬಂಧ ಬರೆಯುವವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. ರಫ್ತು ಮಾಡುವ ದೇಶ "ಕೊನೆಯದಾಗಿ ತಿಳಿದ ಊರು" ಯಾವುದೋ ಅದನ್ನೇ ಬರೆದುಕೊಳ್ಳುತ್ತದೆ. ಜರ್ಮನಿಯ ಮೆಷಿನ್ ದುಬೈ ಅಥವಾ ಸಿಂಗಾಪುರದ ವ್ಯಾಪಾರಿಗೆ ಹೋಗಿ, ಅಲ್ಲಿಂದ ಮತ್ತೆ ಆಫ್ರಿಕಾಕ್ಕೋ ಭಾರತಕ್ಕೋ ಬಂದರೆ ಜರ್ಮನಿಯ ಪುಸ್ತಕದಲ್ಲಿ ಅದು ದುಬೈಗೆ ಮಾರಿದ್ದು. ದುಬೈ, ಸಿಂಗಾಪುರ, ಹಾಂಗ್‌ಕಾಂಗ್ ಮೂರೂ ಹೆಚ್ಚು ಆದಾಯದ ಪಟ್ಟಿಯಲ್ಲಿವೆ. ಬಡ ದೇಶಗಳ ಪಾಲು ಕಾಗದದ ಮೇಲೆ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ.

ಉಲ್ಟಾ ಕೂಡ ಆಗುತ್ತದೆ. 2022ರಲ್ಲಿ ರಷ್ಯಾ ಮೇಲೆ ದೊಡ್ಡ ನಿರ್ಬಂಧ ಬಂದ ಮೇಲೆ ಜರ್ಮನಿಯಿಂದ ಕಿರ್ಗಿಸ್ತಾನಕ್ಕೆ ರಫ್ತು ಹಲವು ಪಟ್ಟು ಏರಿತು. ಅಷ್ಟು ಚಿಕ್ಕ ದೇಶದಲ್ಲಿ ಒಮ್ಮೆಲೇ ಅಷ್ಟು ಕಾರು, ಅಷ್ಟು ಬಿಡಿಭಾಗ ಯಾರಿಗೆ ಬೇಕು? ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು.

ಹಸಿರು_ನೋಟ
ಸೆಕೆಂಡ್ ಹ್ಯಾಂಡ್ ಅಂದಿದ್ದಕ್ಕೆ ಹೇಳಲೇಬೇಕು. ಯುರೋಪಿನ ಹಳೆಯ ಕಾರುಗಳಲ್ಲಿ ಬಹಳಷ್ಟು ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತವೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2020ರಲ್ಲಿ ಇದರ ಬಗ್ಗೆ ವರದಿ ಕೊಟ್ಟಿತು. 2015ರಿಂದ 2018ರವರೆಗೆ ಯುರೋಪ್, ಜಪಾನ್, ಅಮೆರಿಕ ಸೇರಿ 1 ಕೋಟಿ 40 ಲಕ್ಷ ಹಳೆಯ ಲಘು ವಾಹನಗಳನ್ನು ಹೊರಗೆ ಕಳಿಸಿವೆ. ಅದರಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ. ಎಲ್ಲಕ್ಕಿಂತ ಜಾಸ್ತಿ, ಸುಮಾರು 40%, ಆಫ್ರಿಕಾಕ್ಕೆ. ಹೊಗೆ ಪರೀಕ್ಷೆಯಲ್ಲಿ ಅಲ್ಲಿ ಪಾಸಾಗದ ಗಾಡಿ ಲಾಗೋಸ್‌ನ ಮಕ್ಕಳ ಮೂಗಿಗೆ ಹೊಗೆ ಬಿಡುತ್ತದೆ. ಇದನ್ನೂ "ಅಭಿವೃದ್ಧಿಶೀಲ ದೇಶಗಳಿಗೆ ರಫ್ತು ಏರಿಕೆ" ಅಂತ ಹೊಗಳಬೇಕಾ? ನನಗೆ ಸಿಟ್ಟು ಬರುತ್ತದೆ.

ಗದಗಿನ_ಮುದ್ರಕ
ಅಕ್ಕಾ, ಗಾಡಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಹಳೆಯದೆಲ್ಲ ಕಸ ಅಲ್ಲ. ಹೊಸ ಮೆಷಿನ್ ಕೊಳ್ಳುವ ತಾಕತ್ತು ನನಗಿಲ್ಲ. ಆ ಹಳೆಯ ಮೆಷಿನ್ ಬರದೇ ಇದ್ದರೆ ನನ್ನ ಪ್ರೆಸ್ಸೇ ಇರುತ್ತಿರಲಿಲ್ಲ. ಅದರಿಂದ ಐದು ಮನೆಗಳು ನಡೆಯುತ್ತಿವೆ.

ಹಸಿರು_ನೋಟ
ನಾನು ನಿಮ್ಮ ಮೆಷಿನ್ ಬಗ್ಗೆ ಹೇಳಲಿಲ್ಲ ಅಣ್ಣ. ಬ್ರೇಕ್, ಹೊಗೆ ಪರೀಕ್ಷೆ ಮಾಡಿ ಕಳಿಸಿ ಅನ್ನುತ್ತಿದ್ದೇನೆ. ಕೊಳ್ಳುವ ದೇಶ ಬಡದು ಅಂತ ಏನು ಬೇಕಾದರೂ ಕಳಿಸಬಾರದು.

ಸ್ಟುಟ್‌ಗಾರ್ಟ್_ಕನ್ನಡಿಗ
ನಾನು ಇಲ್ಲಿ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರ್. 2000ದ ನಂತರದ ಕಥೆ ಒಳಗಿನಿಂದ ನೋಡಿದ್ದೇನೆ, ಬರೆಯುತ್ತೇನೆ.

ಚೀನಾಕ್ಕೆ ಜರ್ಮನಿಯ ರಫ್ತು 2000ದಲ್ಲಿ ಸುಮಾರು 950 ಕೋಟಿ ಯೂರೋ. 2010ರಲ್ಲಿ ಸುಮಾರು 5,400 ಕೋಟಿ. 2022ರಲ್ಲಿ ಸುಮಾರು 10,700 ಕೋಟಿ. 2024ರಲ್ಲಿ ಇಳಿದು 9,000 ಕೋಟಿ ಆಸುಪಾಸು. ಈ ನಾಲ್ಕು ಅಂಕಿಯಲ್ಲೇ ಕಥೆ ಇದೆ.

ನಡುವೆ 2009 ಬಂತು. ಆ ವರ್ಷ ಜರ್ಮನಿಯ ಒಟ್ಟು ರಫ್ತು 18% ಬಿತ್ತು. ಕೆಲಸ ಕಡಿಮೆ ಆದಾಗ ಜನರನ್ನು ತೆಗೆಯದೆ ಗಂಟೆ ಕಡಿಮೆ ಮಾಡುವ ಪದ್ಧತಿ ಇಲ್ಲಿದೆ, ಕುರ್ಟ್ಸ್‌ಆರ್ಬೈಟ್ ಅನ್ನುತ್ತಾರೆ. ಆಗ ಸುಮಾರು 14 ಲಕ್ಷ ಜನ ಅದರಲ್ಲಿದ್ದರು. ಅದೇ ಸಮಯದಲ್ಲಿ ಚೀನಾ ಸರ್ಕಾರ 4 ಲಕ್ಷ ಕೋಟಿ ಯುವಾನ್ ಹಣ ಸುರಿದು ರಸ್ತೆ, ರೈಲು, ಕಾರ್ಖಾನೆ ಕಟ್ಟಲು ಹೊರಟಿತು. ಇಲ್ಲಿನ ಮೆಷಿನ್ ಕಂಪನಿಗಳು ಉಸಿರಾಡಿದವು. ನಮ್ಮ ಕಾರ್ಖಾನೆಯಲ್ಲೂ ಮುಂದಿನ ವರ್ಷ ಶನಿವಾರದ ಶಿಫ್ಟ್ ಶುರುವಾಯಿತು. ಕಾರಿಡಾರಿನಲ್ಲಿ ಎಲ್ಲಿ ನೋಡಿದರೂ ಶಾಂಘೈ ಆರ್ಡರ್ ಮಾತೇ.

ಆದರೆ ಒಂದು ವಿಷಯ ಗಮನಿಸಿ. ಫೋಕ್ಸ್‌ವ್ಯಾಗನ್ 80ರ ದಶಕದ ಮಧ್ಯದಿಂದಲೇ ಶಾಂಘೈಯಲ್ಲಿ ಕಾರು ಮಾಡುತ್ತಿದೆ. ಅಲ್ಲಿ ಮಾಡಿ ಅಲ್ಲೇ ಮಾರಿದ ಕಾರು ರಫ್ತು ಅಲ್ಲ. ಆ ಕಾರ್ಖಾನೆಗೆ ಹೋದ ಪ್ರೆಸ್, ರೋಬಾಟ್, ಗೇರ್‌ಬಾಕ್ಸ್, ಸೆನ್ಸರ್ ರಫ್ತು. ಅಲ್ಲಿನವರು ಅವನ್ನೂ ಮಾಡಲು ಕಲಿತ ಮೇಲೆ ನಮ್ಮ ಆರ್ಡರ್ ಕಡಿಮೆ ಆಯಿತು. ಕಾಂಕ್ರೀಟ್ ಪಂಪ್ ಮಾಡುವ ಪುಟ್ಸ್‌ಮೈಸ್ಟರ್ ಕಂಪನಿಯನ್ನು 2012ರಲ್ಲಿ ಚೀನಾದ ಸ್ಯಾನಿ ಕೊಂಡಿತು. ರೋಬಾಟ್ ಮಾಡುವ ಕೂಕಾವನ್ನು 2016ರಲ್ಲಿ ಚೀನಾದ್ದೇ ಆದ ಮಿಡಿಯಾ ಕೊಂಡಿತು. 2023ರಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಅಲ್ಲಿನದೇ ಕಾರು ಕಂಪನಿ ಬಿವೈಡಿ ಫೋಕ್ಸ್‌ವ್ಯಾಗನ್ ಅನ್ನು ಹಿಂದೆ ಹಾಕಿತು. ಏರಿಕೆ ಯಾಕೆ ನಿಂತಿತು ಅಂತ ಕೇಳಿದಿರಲ್ಲ, ಇದೇ. ಯಂತ್ರ ಮಾರಿದರೆ ಅದರ ಜೊತೆ ಕೆಲಸವನ್ನೂ ಕಲಿಸಿದ ಹಾಗೆ.

ಪೀಣ್ಯ_ಲೇತ್
ನೂರಕ್ಕೆ ನೂರು ನಿಜ. ಇದು ಚೀನಾದಲ್ಲಿ ಮಾತ್ರ ಆಗಿದ್ದಲ್ಲ, ಬೆಂಗಳೂರಿನಲ್ಲೂ ಆಗಿದೆ. ಮೈಕೋ ಕಂಪನಿ 1951ರಲ್ಲಿ ಶುರುವಾಯಿತು, ಜರ್ಮನಿಯ ಬಾಷ್ ಜೊತೆ. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡಿದರು. 1961ರಲ್ಲಿ ಬಿಎಫ್‌ಡಬ್ಲ್ಯೂ ಬಂತು, ಭಾರತ್ ಫ್ರಿಟ್ಜ್ ವರ್ನರ್, ಆ ಹೆಸರಿನ ಜರ್ಮನ್ ಕಂಪನಿ ಜೊತೆ ಸೇರಿ. ಮಿಲ್ಲಿಂಗ್ ಮೆಷಿನ್ ಇಲ್ಲೇ ಮಾಡಿದರು. ಅಲ್ಲಿ ಅಪ್ರೆಂಟಿಸ್ ಮಾಡಿದವರು ಹೊರಗೆ ಬಂದು ಪೀಣ್ಯ, ರಾಜಾಜಿನಗರದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದರು. ನನ್ನ ಗುರುಗಳೂ ಮೈಕೋದಲ್ಲಿ ಕಲಿತವರೇ. ಇವತ್ತು ಪೀಣ್ಯದ ಎಷ್ಟೋ ಶೆಡ್‌ಗಳಿಂದ ಜರ್ಮನಿಗೆ ಬಿಡಿಭಾಗ ಹೋಗುತ್ತದೆ.

ಮೈಕೋ ಇಲ್ಲೇ ಪಂಪ್ ಮಾಡಿದ ಮೇಲೆ ಜರ್ಮನಿಯಿಂದ ಪಂಪ್ ಬರುವುದು ಕಡಿಮೆ ಆಯಿತು, ಆದರೆ ಪಂಪ್ ಮಾಡುವ ಮೆಷಿನ್ ಬರುವುದು ಜಾಸ್ತಿ ಆಯಿತು. ಸರಕಿನ ರಫ್ತು ಅಂಕಿ ಈ ಬದಲಾವಣೆಯನ್ನು ಒಂದೇ ಮೊತ್ತದಲ್ಲಿ ನುಂಗಿಬಿಡುತ್ತದೆ.

ಲೆಕ್ಕದ_ಮೇಷ್ಟ್ರು
ತರಬೇತಿಯ ಮಾತು ಬಂದಿದ್ದಕ್ಕೆ: ಐಐಟಿ ಮದ್ರಾಸ್ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಆಯಿತು. ಲ್ಯಾಬಿಗೆ ಮೆಷಿನ್ ಅಲ್ಲಿಂದಲೇ ಬಂತು. ಯಾವ ಮೆಷಿನ್ ಮೇಲೆ ಕೈ ಪಳಗುತ್ತದೋ, ಮುಂದೆ ಕಾರ್ಖಾನೆಗೆ ಅದನ್ನೇ ಆರ್ಡರ್ ಮಾಡುತ್ತಾರೆ. ನೆರವು ಮತ್ತು ರಫ್ತು ಕೈಕೈ ಹಿಡಿದು ಬಂದಿವೆ. ನಮ್ಮ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು, ಅದೂ ಇದೇ ದಾರಿ.

ಸುಮ್ನೆ_ಓದುಗ
ಜಿಟಿಟಿಸಿ ಡೆನ್ಮಾರ್ಕ್‌ದಾ? ನಾನು ಅಲ್ಲೇ ಡಿಪ್ಲೊಮಾ ಮಾಡಿದ್ದು, ಇವತ್ತು ಗೊತ್ತಾಯಿತು.

ಗಾರ್ಮೆಂಟ್ಸ್_ಅಕ್ಕ
ಹೊಲಿಗೆ ಮೆಷಿನ್ ಕಥೆಯನ್ನೂ ಸೇರಿಸಿ. ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಮೊದಲು ದಪ್ಪ ಬಟ್ಟೆ, ಕೋಟು, ಗುಂಡಿ ಕಾಜಕ್ಕೆ ಜರ್ಮನಿಯ ಡರ್ಕಾಪ್ ಆಡ್ಲರ್, ಫಾಫ್ ಅಂದರೆ ಬಹಳ ಮರ್ಯಾದೆ. ಡರ್ಕಾಪ್ ಆಡ್ಲರ್ ಅನ್ನು 2005ರಲ್ಲೇ ಚೀನಾದ ಶಾಂಗ್‌ಗಾಂಗ್ ಕೊಂಡಿತು. ಹೆಸರು ಜರ್ಮನ್, ಮಾಲೀಕರು ಚೀನಾದವರು. ಮಾಮೂಲಿ ಲೈನ್‌ಗೆಲ್ಲ ಈಗ ಜಪಾನ್ ಮತ್ತು ಚೀನಾದ ಮೆಷಿನ್.

ನಮ್ಮಂಥವರು ದುಬಾರಿ ಮೆಷಿನ್ ಕೊಳ್ಳುವುದಕ್ಕೆ ಒಂದು ಕಾರಣ ರಫ್ತು ಮಾಡುವವರಿಗೆ ಸರ್ಕಾರ ಇಟ್ಟಿರುವ ಇಪಿಸಿಜಿ ಯೋಜನೆ. ಸುಂಕ ಕಟ್ಟದೆ ಮೆಷಿನ್ ತರಿಸಬಹುದು. ಆದರೆ ಹಾಗೆ ಉಳಿತಾಯವಾದ ಸುಂಕದ ಆರು ಪಟ್ಟು ಮೊತ್ತದ ರಫ್ತನ್ನು ಆರು ವರ್ಷದಲ್ಲಿ ಮಾಡಿ ತೋರಿಸಬೇಕು. ಅಂದರೆ ಜರ್ಮನಿ ನಮಗೆ ಮೆಷಿನ್ ಮಾರುತ್ತದೆ, ನಾವು ಅದರಲ್ಲಿ ಹೊಲಿದ ಅಂಗಿ ಅವರಿಗೇ ಮಾರುತ್ತೇವೆ. ಒಬ್ಬರ ರಫ್ತಿಗೆ ಇನ್ನೊಬ್ಬರ ರಫ್ತು ಕಟ್ಟಿಕೊಂಡಿದೆ.

ಪೀಣ್ಯ_ಲೇತ್
ಮೇಡಂ, ಸರ್ವೀಸ್ ಬಗ್ಗೆಯೂ ಹೇಳಿ. ಮೆಷಿನ್ ಚೆನ್ನಾಗಿರುತ್ತದೆ, ಸಂಶಯವೇ ಇಲ್ಲ. ಆದರೆ ಒಂದು ಎಲೆಕ್ಟ್ರಾನಿಕ್ ಕಾರ್ಡ್ ಕೆಟ್ಟರೆ ಸ್ಪೇರ್ ಬರಲು ವಾರಗಟ್ಟಲೆ. ಎಂಜಿನಿಯರ್ ಬಂದರೆ ದಿನದ ಚಾರ್ಜ್ ಯೂರೋದಲ್ಲಿ. ಒಮ್ಮೆ ಹೀಗೇ ದೀಪಾವಳಿ ಆರ್ಡರ್ ಸಮಯದಲ್ಲಿ ನನ್ನ ಗ್ರೈಂಡರ್ ಪೂರ್ತಿ ನಿಂತು ಕೂತಿತು, ಗಿರಾಕಿ ಕೈತಪ್ಪಿ ಹೋದ. ಚೀನಾದ ಮೆಷಿನ್ ಮಾರುವವನು ಮರುದಿನ ಬಾಗಿಲಲ್ಲಿ ಇರುತ್ತಾನೆ. ಬೆಲೆಯೂ ಕಡಿಮೆ. 2020ರಲ್ಲಿ ಯಂತ್ರ ರಫ್ತಿನಲ್ಲಿ ಚೀನಾ ಜರ್ಮನಿಯನ್ನು ದಾಟಿತು ಅಂತ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ
@ಪೀಣ್ಯ_ಲೇತ್ ಅಣ್ಣಾ, ಚೀನಾದ ಮೆಷಿನ್ ಹತ್ತು ವರ್ಷದ ಮೇಲೂ ಅದೇ ಅಳತೆ ಹಿಡಿಯುತ್ತದೆಯಾ? ಮೈಕ್ರಾನ್ ಲೆಕ್ಕದ ಕೆಲಸಕ್ಕೆ ಇಲ್ಲಿನದನ್ನೇ ಕೇಳುತ್ತಾರೆ.

ಪೀಣ್ಯ_ಲೇತ್
ಮೈಕ್ರಾನ್ ಕೆಲಸ ನೂರರಲ್ಲಿ ಹತ್ತು ಜನರಿಗೆ ಬೇಕು. ಉಳಿದ ತೊಂಬತ್ತು ಜನರಿಗೆ ಅಷ್ಟು ಬೇಡ. ಮಾರುಕಟ್ಟೆ ಇರುವುದು ಆ ತೊಂಬತ್ತರಲ್ಲಿ. ನಿಮ್ಮ ಕಂಪನಿಗಳು ಆ ಹತ್ತನ್ನೇ ನೋಡಿಕೊಂಡು ಕೂತಿವೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಆ ಹತ್ತರಲ್ಲೇ ಲಾಭ ಜಾಸ್ತಿ ಅಣ್ಣ. ಆದರೆ ಈ ಮಾತು ನಮ್ಮ ಮೀಟಿಂಗಿನಲ್ಲೂ ಪ್ರತಿ ಸಲ ಬರುತ್ತದೆ, ಜಗಳವೂ ಆಗುತ್ತದೆ.

ಅಂಕಿ_ಪ್ರಿಯ
ತಡವಾಗಿ ಬಂದೆ. ಎಲ್ಲರೂ ಕಾರಣಗಳನ್ನು ಚೆನ್ನಾಗಿ ಹೇಳಿದ್ದೀರಿ. ಆದರೆ ಮೂಲ ಪ್ರಶ್ನೆಯಲ್ಲೇ ಒಂದು ಗುಂಡಿ ಇದೆ, ಅದನ್ನು ಯಾರೂ ಮುಟ್ಟಿಲ್ಲ. ಯಾರು "ಕಡಿಮೆ ಮತ್ತು ಮಧ್ಯಮ ಆದಾಯ"? ಆ ಪಟ್ಟಿಯನ್ನು ವಿಶ್ವಬ್ಯಾಂಕ್ ಪ್ರತಿ ವರ್ಷ ಜುಲೈಯಲ್ಲಿ ಬದಲಿಸುತ್ತದೆ. ತಲಾ ಆದಾಯ ಈಗ ಸುಮಾರು 14,000 ಡಾಲರ್ ದಾಟಿದರೆ ಹೆಚ್ಚು ಆದಾಯದ ದೇಶ.

ಪೋಲೆಂಡ್ ತೆಗೆದುಕೊಳ್ಳಿ. 90ರ ದಶಕದಲ್ಲಿ ಅದು ಮಧ್ಯಮ ಆದಾಯದ ದೇಶ. 2004ರಲ್ಲಿ ಯುರೋಪ್ ಒಕ್ಕೂಟ ಸೇರಿತು. 2009ರ ಹೊತ್ತಿಗೆ ಹೆಚ್ಚು ಆದಾಯದ ಪಟ್ಟಿಗೆ ಹೋಯಿತು. ಜೆಕ್, ಸ್ಲೊವಾಕಿಯಾ, ಹಂಗೇರಿ ಅದಕ್ಕೂ ಸ್ವಲ್ಪ ಮುಂಚೆ ಹೋಗಿದ್ದವು. ಇವೆಲ್ಲ ಜರ್ಮನಿಯ ಪಕ್ಕದ ಮನೆಯ ಗಿರಾಕಿಗಳು. 2024ರಲ್ಲಿ ಜರ್ಮನಿ ಚೀನಾಕ್ಕಿಂತ ಪೋಲೆಂಡ್‌ಗೇ ಹೆಚ್ಚು ಸರಕು ಮಾರಿದೆ! ಇಷ್ಟು ದೊಡ್ಡ ಗಿರಾಕಿ ಪಟ್ಟಿಯ ಈ ಕಡೆ ಇದ್ದಾನೋ ಆ ಕಡೆ ಇದ್ದಾನೋ ಅನ್ನುವುದರ ಮೇಲೆ ನಿಮ್ಮ ಶೇಕಡಾ ಹಲವು ಅಂಶ ಮೇಲೆ ಕೆಳಗೆ ಆಗುತ್ತದೆ.

ರಷ್ಯಾ ಇನ್ನೂ ವಿಚಿತ್ರ. 2013ರಲ್ಲಿ ಹೆಚ್ಚು ಆದಾಯಕ್ಕೆ ಹತ್ತಿತು, 2015ರಲ್ಲಿ ಇಳಿಯಿತು, 2024ರಲ್ಲಿ ಮತ್ತೆ ಹತ್ತಿತು. 2012ರಲ್ಲಿ ಜರ್ಮನಿ ಅದಕ್ಕೆ ಸುಮಾರು 3,800 ಕೋಟಿ ಯೂರೋ ಸರಕು ಮಾರಿತ್ತು. 2023ರಲ್ಲಿ 1,000 ಕೋಟಿಗಿಂತ ಕಡಿಮೆ.

ಧಾರವಾಡ_ಎಂಎ
ಅಯ್ಯೋ, ಹಾಗಾದರೆ ನನ್ನ ಗೆರೆಯಲ್ಲಿ ಪೋಲೆಂಡ್ ಇದೆಯೋ ಇಲ್ಲವೋ?

ಅಂಕಿ_ಪ್ರಿಯ
ಅದಕ್ಕೇ ಎರಡು ರೀತಿ ಲೆಕ್ಕ ಮಾಡಬೇಕು. ಒಂದು, ಇವತ್ತಿನ ಪಟ್ಟಿಯನ್ನೇ ಹಿಡಿದು ಹಿಂದಿನ ಎಲ್ಲ ವರ್ಷಕ್ಕೂ ಹಾಕುವುದು. ಇನ್ನೊಂದು, ಆಯಾ ವರ್ಷದ ಪಟ್ಟಿ ಹಾಕುವುದು. ಮೇಷ್ಟ್ರು ಹೇಳಿದ 70ರ ತೈಲದ ಕಥೆಯನ್ನೇ ನೋಡಿ. ಸೌದಿ ಅರೇಬಿಯಾ, ಕುವೈತ್ ಆಗ ಎಲ್ಲರ ಮಾತಿನಲ್ಲೂ ಅಭಿವೃದ್ಧಿಶೀಲ ದೇಶಗಳು. ಈಗ ಹೆಚ್ಚು ಆದಾಯದವು. ಇವತ್ತಿನ ಪಟ್ಟಿ ಹಾಕಿದರೆ 70ರ ಏರಿಕೆಯಲ್ಲಿ ಒಂದು ದೊಡ್ಡ ತುಂಡೇ ಮಾಯ. ದಕ್ಷಿಣ ಕೊರಿಯಾದ್ದೂ ಅದೇ ಕಥೆ.

ಇನ್ನೂ ಮುಖ್ಯವಾದದ್ದು: ಚೀನಾ ಈಗ ಆ ಗೆರೆಯ ಹತ್ತಿರವೇ ನಿಂತಿದೆ. ಅದು ದಾಟಿದ ವರ್ಷ ಜರ್ಮನಿಯ ಒಟ್ಟು ರಫ್ತಿನ 6% ಆಸುಪಾಸು ಈ ಗುಂಪಿನಿಂದ ಹೊರಗೆ ಹೋಗುತ್ತದೆ. ಒಂದು ಕಂಟೇನರೂ ಕಡಿಮೆ ಆಗದೆ ಅಂಕಿ ಬೀಳುತ್ತದೆ. ಪತ್ರಿಕೆಗಳಲ್ಲಿ "ಬಡ ದೇಶಗಳಿಗೆ ಜರ್ಮನಿ ಬೆನ್ನು ತಿರುಗಿಸಿತು" ಅಂತ ತಲೆಬರಹ ಬರುತ್ತದೆ, ನೋಡುತ್ತಿರಿ.

ಲೆಕ್ಕದ_ಮೇಷ್ಟ್ರು
ಒಪ್ಪುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಪಟ್ಟಿಯ ಆಟ ನಿಜ. ಆದರೂ 1982ರ ಸಾಲದ ಕುಸಿತ, 2009ರ ನಂತರದ ಚೀನಾ ಏರಿಕೆ ಯಾವ ಪಟ್ಟಿ ಹಾಕಿದರೂ ಕಾಣಿಸುತ್ತವೆ. ಪಟ್ಟಿಯ ನೆಪ ಹೇಳಿ ನಡೆದ ಚರಿತ್ರೆಯನ್ನು ಬಿಡಬಾರದು.

ಅಂಕಿ_ಪ್ರಿಯ
ಬಿಡಿ ಅಂತ ನಾನು ಹೇಳಲಿಲ್ಲ ಮೇಷ್ಟ್ರೇ. ದೇಶ ದೇಶವಾಗಿ ಬಿಡಿಸಿ ನೋಡಿ ಅಂದೆ. ಶೇಕಡಾವಾರಿನ ಜೊತೆಗೆ ಯೂರೋ ಮೊತ್ತವನ್ನೂ ಇಡಿ ಅಂದೆ.

ಹಸಿರು_ನೋಟ
ದೇಶ ದೇಶವಾಗಿ ನೋಡಿದರೆ ಆಫ್ರಿಕಾ ಎಲ್ಲಿದೆ? ಇಡೀ ಖಂಡಕ್ಕೆ ಜರ್ಮನಿಯ ರಫ್ತಿನ ಸುಮಾರು 2%. ಅದರಲ್ಲೂ ದಕ್ಷಿಣ ಆಫ್ರಿಕಾ ಒಂದೇ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. 2017ರಲ್ಲಿ ಜಿ-20 ಅಧ್ಯಕ್ಷತೆಯಲ್ಲಿ ಜರ್ಮನಿ ಆಫ್ರಿಕಾ ಜೊತೆ ಒಪ್ಪಂದ ಅಂತ ದೊಡ್ಡದಾಗಿ ಶುರು ಮಾಡಿತು. ಅಂಕಿಯಲ್ಲಿ ಅದರ ಗುರುತು ಕಾಣುವುದು ಕಷ್ಟ. "ಅಭಿವೃದ್ಧಿಶೀಲ ದೇಶಗಳು" ಅನ್ನುವ ಈ ದೊಡ್ಡ ಚೀಲದಲ್ಲಿ ನಿಜವಾಗಿ ಇರುವುದು ಚೀನಾ, ಟರ್ಕಿ, ಮೆಕ್ಸಿಕೊ, ಭಾರತ, ಬ್ರೆಜಿಲ್. ಅತಿ ಬಡ ದೇಶಗಳ ಪಾಲು ಇದ್ದೂ ಇಲ್ಲದಂತೆ. ಪ್ರಬಂಧದಲ್ಲಿ ಇದನ್ನು ಖಂಡಿತ ಬರೆಯಿರಿ.

ಸುಮ್ನೆ_ಓದುಗ
ಭಾರತದ ಪಾಲು ಎಷ್ಟು?

ಅಂಕಿ_ಪ್ರಿಯ
ವರ್ಷಕ್ಕೆ 1,600-1,700 ಕೋಟಿ ಯೂರೋ ಆಸುಪಾಸು. ಜರ್ಮನಿಯ ಒಟ್ಟು ರಫ್ತು 2024ರಲ್ಲಿ ಸುಮಾರು 1.55 ಲಕ್ಷ ಕೋಟಿ ಯೂರೋ. ನೂರು ಯೂರೋದಲ್ಲಿ ನಮಗೆ ಬರುವುದು ಒಂದು ಯೂರೋ ಚಿಲ್ಲರೆ. ಪೋಲೆಂಡ್‌ಗೆ ನಮ್ಮ ಐದು ಪಟ್ಟಿಗೂ ಜಾಸ್ತಿ. ಅದರ ಜನಸಂಖ್ಯೆ ಕರ್ನಾಟಕಕ್ಕಿಂತ ಕಡಿಮೆ.

ಗಾರ್ಮೆಂಟ್ಸ್_ಅಕ್ಕ
ಕರ್ನಾಟಕಕ್ಕಿಂತ ಕಡಿಮೆ ಜನ, ಭಾರತದ ಐದು ಪಟ್ಟು ಖರೀದಿ! ಹತ್ತಿರದಲ್ಲಿರುವುದು, ಸುಂಕ ಇಲ್ಲದಿರುವುದು ಅಂದರೆ ಇದೇ. ಭಾರತ ಮತ್ತು ಯುರೋಪ್ ಒಕ್ಕೂಟದ ವ್ಯಾಪಾರ ಒಪ್ಪಂದದ ಮಾತು 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, ಮತ್ತೆ ಎದ್ದದ್ದು 2022ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಮೆಷಿನ್‌ಗಳೇ ಹಳತಾದವು.

ಸ್ಟುಟ್‌ಗಾರ್ಟ್_ಕನ್ನಡಿಗ
ಮೆಕ್ಸಿಕೊ ಹೆಸರು ಬಂತು, ಅದನ್ನೂ ಹೇಳುತ್ತೇನೆ. ಅಲ್ಲಿನ ಪ್ಯುಬ್ಲಾ ನಗರದಲ್ಲಿ ಫೋಕ್ಸ್‌ವ್ಯಾಗನ್ 60ರ ದಶಕದಿಂದ ಇದೆ. ಅದೇ ದೇಶದಲ್ಲಿ 2016ರಲ್ಲಿ ಆಡಿ, 2019ರಲ್ಲಿ ಬಿಎಂಡಬ್ಲ್ಯೂ ಕಾರ್ಖಾನೆ ಬಂದವು. ಜರ್ಮನಿಯಿಂದ ಅಲ್ಲಿಗೆ ಹೋದ ಎಂಜಿನ್, ಗೇರ್‌ಬಾಕ್ಸ್ ಕಾರಿನೊಳಗೆ ಕೂತು ಅಮೆರಿಕಕ್ಕೆ ಹೋಗುತ್ತವೆ. ಲೆಕ್ಕದಲ್ಲಿ ಮಧ್ಯಮ ಆದಾಯದ ದೇಶಕ್ಕೆ ರಫ್ತು. ಕೊನೆಗೆ ಓಡಿಸುವವನು ಟೆಕ್ಸಾಸ್‌ನಲ್ಲಿ.

ಬಂದರು_ಕೆಲಸ
ಇದೇ ನಾನು ಮೊದಲು ಹೇಳಿದ್ದು. ಕಾಗದದ ಊರು ಬೇರೆ, ಸರಕಿನ ಊರು ಬೇರೆ.

ಧಾರವಾಡ_ಎಂಎ
ಎಲ್ಲರಿಗೂ ಮನಸಾರೆ ಧನ್ಯವಾದ. ಇಡೀ ಗುಂಪಿನ ಒಂದೇ ಗೆರೆ ಬಿಟ್ಟು ಚೀನಾ, ಪೋಲೆಂಡ್, ಟರ್ಕಿ, ಭಾರತ, ಬ್ರೆಜಿಲ್, ಇರಾನ್ ಆರಕ್ಕೂ ಬೇರೆ ಬೇರೆ ಗೆರೆ ಎಳೆಯುತ್ತೇನೆ. ಯಂತ್ರ ಮತ್ತು ವಾಹನವನ್ನೂ ಬೇರೆ ಮಾಡುತ್ತೇನೆ. ಪೀಣ್ಯ ಅಣ್ಣಾ, ನಿಜವಾಗಿಯೂ ವರ್ಕ್‌ಶಾಪ್ ನೋಡಲು ಬರಬಹುದಾ? ಗೆಳತಿಯರೂ ಬರುತ್ತೇವೆ ಅನ್ನುತ್ತಿದ್ದಾರೆ.

ಪೀಣ್ಯ_ಲೇತ್
ಖಂಡಿತ ಬನ್ನಿ ತಂಗಿ. ಭಾನುವಾರ ಬೇಡ, ಮೆಷಿನ್ ಓಡುವ ದಿನ ಬನ್ನಿ. ಕಾಲಿಗೆ ಶೂ ಹಾಕಿಕೊಂಡು ಬನ್ನಿ, ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ.

ಗದಗಿನ_ಮುದ್ರಕ
ವಿಷಯ ಬಿಟ್ಟು ಒಂದು ಮಾತು. ಆ ಪ್ಲಾಟನ್‌ಗೆ ರಬ್ಬರ್ ರೋಲರ್ ಹೊಸದಾಗಿ ಹಾಕಿಸಬೇಕು. ಬೆಂಗಳೂರಿನಲ್ಲಿ ಚೆನ್ನಾಗಿ ಮಾಡುವವರು ಯಾರಿದ್ದಾರೆ?

ಪೀಣ್ಯ_ಲೇತ್
ಪೀಣ್ಯ ಎರಡನೇ ಹಂತದಲ್ಲಿ ರಬ್ಬರ್ ರೋಲರ್ ಮಾಡುವವರು ಇದ್ದಾರೆ. ಹಳೆಯ ಶಾಫ್ಟ್ ತಂದರೆ ಅದರ ಮೇಲೇ ಹೊಸ ರಬ್ಬರ್ ಹಾಕಿ ಗ್ರೈಂಡ್ ಮಾಡಿ ಕೊಡುತ್ತಾರೆ. ಅಳತೆ ಮತ್ತು ಯಾವ ಇಂಕ್ ಬಳಸುತ್ತೀರಿ ಅನ್ನುವುದನ್ನು ಮೆಸೇಜ್ ಮಾಡಿ, ವಿಚಾರಿಸಿ ಹೇಳುತ್ತೇನೆ.